ಖಾಲಿ ತೋಟಾ ಹೇಳುವ ಕಥೆ

ಕಿತ್ತೂರು, ಬೈಲಹೊಂಗಲ, ಸವದತ್ತಿ, ಚಚಡಿ - ಈ ಸೀಮೆಯ ಮಕ್ಕಳಿಗೆ ಬಂದೂಕಿನ ಸದ್ದು ಮೊದಲು ಕೇಳಿಸುವುದು ಇತಿಹಾಸದ ಪಾಠದಲ್ಲಿ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಗುಂಡೇಟಿಗೆ ಬಿದ್ದದ್ದನ್ನು, ಆ ಗುಂಡು ಹಾರಿಸಿದವನು ಅಮಟೂರು ಬಾಳಪ್ಪ ಎಂಬ ಜನರ ಮಾತನ್ನು ಇಲ್ಲಿನ ನಾಲ್ಕನೇ ಇಯತ್ತೆಯ ಹುಡುಗನೂ ಹೇಳಬಲ್ಲ. ಆದರೆ ಬಂದೂಕಿನ ಒಳಗೆ ಏನು ನಡೆಯುತ್ತದೆ ಎಂಬುದು ಇತಿಹಾಸದ ಪಾಠವಲ್ಲ, ವಿಜ್ಞಾನದ ಪಾಠ. ಅದನ್ನು ಕೇಳುವವರೂ ಕಡಿಮೆ, ಹೇಳುವವರೂ ಕಡಿಮೆ.

ಆ ಕಾಲದ ಬಂದೂಕಿಗೆ ಪ್ರತಿ ಈಡಿಗೂ ಕೈಯಾರೆ ಮದ್ದು ತುಂಬಬೇಕಿತ್ತು. ಪೆಟ್ಲುಪ್ಪು, ಇದ್ದಿಲು, ಗಂಧಕ ಬೆರೆಸಿದ ಕರಿಮದ್ದನ್ನು ನಳಿಗೆಯ ಬಾಯಿಂದ ಸುರಿದು, ಗುಂಡು ಇಳಿಸಿ, ಸಲಾಕೆಯಿಂದ ಜಡಿಯಬೇಕು. ಮದ್ದು ಕಡಿಮೆಯಾದರೆ ಗುಂಡು ಗುರಿ ಮುಟ್ಟದು. ಹೆಚ್ಚಾದರೆ ನಳಿಗೆಯೇ ಸೀಳಿ, ಗುಂಡು ಹಾರಿಸಿದವನ ಕೈಯನ್ನೋ ಕಣ್ಣನ್ನೋ ತೆಗೆದೀತು. ಮಲೆನಾಡು, ಕೊಡಗಿನ ಕೇಪಿನ ಕೋವಿಗಳದ್ದೂ ಇದೇ ಲೆಕ್ಕ. ಮುಂದೆ ಮದ್ದು, ಗುಂಡು, ಕೇಪು ಮೂರನ್ನೂ ಹಿತ್ತಾಳೆಯ ಒಂದೇ ಕವಚದಲ್ಲಿ ಕೂಡಿಸಿದ ತೋಟಾ ಬಂತು. ಆದರೂ ಕೈಯಾರೆ ತುಂಬುವ ಹವ್ಯಾಸ ನಿಲ್ಲಲಿಲ್ಲ. ಅಮೆರಿಕದಂಥ ದೇಶಗಳಲ್ಲಿ ಸಾವಿರಾರು ಜನ ಖಾಲಿ ರೈಫಲ್ ತೋಟಾಗಳನ್ನು ಆಯ್ದು ತಂದು, ಹೊಸ ಕೇಪು ಹಾಕಿ, ಮದ್ದು ತೂಗಿ, ಗುಂಡು ಕೂರಿಸುತ್ತಾರೆ.

ಕಿತ್ತೂರಿನ ಬಂದೂಕುಗಾರನನ್ನು ಕಾಡಿರಬಹುದಾದ ಪ್ರಶ್ನೆಯೇ ಇಂದಿನ ಈ ಹವ್ಯಾಸಿಯನ್ನೂ ಕಾಡುತ್ತದೆ: ಒಳಗಿನ ಒತ್ತಡ ಮಿತಿ ಮೀರಿದೆಯೇ ಇಲ್ಲವೇ, ತಿಳಿಯುವುದು ಹೇಗೆ?

ಕುಕ್ಕರಿನಿಂದ ರೈಫಲ್‌ವರೆಗೆ

ಅಡುಗೆಮನೆಯ ಪ್ರೆಷರ್ ಕುಕ್ಕರ್ ಸೀಟಿ ಹೊಡೆಯುವಾಗ ಅದರೊಳಗೆ ಹೊರಗಿನ ಗಾಳಿಗಿಂತ ಹೆಚ್ಚಾಗಿರುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ. ಸೈನ್ಯ ಬಳಸುವ 7.62 ಮಿ.ಮೀ. ರೈಫಲ್ ತೋಟಾ ಸಿಡಿದಾಗ ಅದೇ ಒಂದು ಚದರ ಸೆಂಟಿಮೀಟರಿನ ಮೇಲೆ ಬೀಳುವುದು ಸುಮಾರು 4,200 ಕಿಲೋ. ಹತ್ತಿ ಹೇರಿದ ಒಂದು ಗಾಡಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ನಿಲ್ಲಿಸಿದಂತೆ! ಇಷ್ಟೆಲ್ಲ ನಡೆದು ಗುಂಡು ನಳಿಗೆ ದಾಟಲು ಬೇಕಾಗುವ ಕಾಲ ಒಂದು ಸೆಕೆಂಡಿನ ಸಾವಿರದ ಒಂದೆರಡು ಭಾಗ ಮಾತ್ರ.

ಕುಕ್ಕರಿಗೂ ರೈಫಲಿಗೂ ಇನ್ನೊಂದು ವ್ಯತ್ಯಾಸವಿದೆ. ಕುಕ್ಕರಿನಲ್ಲಿ ಒತ್ತಡ ಏರಿದರೆ ವೇಟ್ ಎದ್ದು ಹಬೆ ಹೊರಹೋಗುತ್ತದೆ. ರೈಫಲಿನಲ್ಲಿ ಅಂಥ ಕಿಂಡಿಯಿಲ್ಲ. ಮೇಲಾಗಿ ಹೊಗೆರಹಿತ ಮದ್ದಿಗೆ ಒಂದು ಗುಣವಿದೆ: ಒತ್ತಡ ಹೆಚ್ಚಿದಷ್ಟೂ ಅದು ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಹೆಚ್ಚುತ್ತದೆ. ಹೀಗಾಗಿ ಮದ್ದು ಅಳೆಯುವಲ್ಲಿ ಆದ ತಪ್ಪು ಸಣ್ಣದಾಗಿದ್ದರೂ ಒತ್ತಡದ ಏರಿಕೆ ಸಣ್ಣದಾಗಿ ಉಳಿಯುವುದಿಲ್ಲ.

ಹಿತ್ತಾಳೆಯ ಸಾಕ್ಷ್ಯ

ಮನೆಯಲ್ಲಿ ತೋಟಾ ತುಂಬುವವನ ಬಳಿ ಒತ್ತಡ ಅಳೆಯುವ ಯಂತ್ರವಿರುವುದಿಲ್ಲ. ಅವನ ಬಳಿ ಇರುವ ಸಾಕ್ಷಿ ಒಂದೇ, ಹಾರಿಸಿದ ಮೇಲೆ ಉಳಿಯುವ ಖಾಲಿ ಹಿತ್ತಾಳೆ ಕವಚ. ಇದರಲ್ಲಿ ತಾಮ್ರ ಸುಮಾರು 70 ಪಾಲು, ಸತು 30 ಪಾಲು. ತೋಟಾ ಸಿಡಿದಾಗ ಕವಚ ಉಬ್ಬಿ ರೈಫಲಿನ ಗೂಡಿನ ಗೋಡೆಗೆ ಅಂಟಿಕೊಂಡು ಬಿಸಿ ಅನಿಲ ಹಿಂದಕ್ಕೆ ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ತುಸು ಕುಗ್ಗಿ ಸಡಿಲಾಗುತ್ತದೆ. ಪಿಯುಸಿ ಭೌತಶಾಸ್ತ್ರದಲ್ಲಿ ಬರುವ ಸ್ಥಿತಿಸ್ಥಾಪಕತ್ವದ ಪಾಠ ಇದೇ. ಮಿತಿಯೊಳಗೆ ಎಳೆದರೆ ಲೋಹ ಮೊದಲಿನ ಆಕಾರಕ್ಕೆ ಮರಳುತ್ತದೆ. ಮಿತಿ ಮೀರಿದರೆ ಗುರುತು ಉಳಿಯುತ್ತದೆ.

ಅನುಭವಿಗಳು ನೋಡುವ ಗುರುತುಗಳು ಕೆಲವು. ತೋಟಾದ ತಳದಲ್ಲಿರುವ ಕೇಪಿನ ದುಂಡನೆಯ ಅಂಚು ಒತ್ತಿಹೋಗಿ ಚಪ್ಪಟೆಯಾಗುವುದು ಒಂದು. ಸೂಜಿ ಹೊಡೆದ ಕುಳಿಯ ಸುತ್ತ ಜ್ವಾಲಾಮುಖಿಯ ಬಾಯಿಯಂತೆ ಲೋಹ ಉಬ್ಬುವುದು, ಇಲ್ಲವೇ ಕೇಪು ತೂತಾಗುವುದು ಇನ್ನೊಂದು. ಬೋಲ್ಟ್ ಎತ್ತಲು ಹೋದರೆ ಬಿಗಿಯಾಗುವುದು ಮೂರನೆಯದು. ತೋಟಾದ ತಳದ ಮೇಲೆ, ಬೋಲ್ಟಿನ ಮುಖದಲ್ಲಿರುವ ರಂಧ್ರದ ಅಚ್ಚು ಹೊಳೆಯುವ ಚುಕ್ಕೆಯಾಗಿ ಮೂಡುವುದು ನಾಲ್ಕನೆಯದು. ಕೇಪು ಕೂರುವ ಕುಳಿ ಸಡಿಲಾಗಿ, ಹೊಸ ಕೇಪು ಹಿಡಿದು ನಿಲ್ಲದೆ ಹೋಗುವುದು ಐದನೆಯದು. ಕೊನೆಯ ಎರಡು ಕಂಡವೆಂದರೆ ಹಿತ್ತಾಳೆ ಹರಿದಾಡಿದೆ ಎಂದೇ ಅರ್ಥ.

ಅದೇ ಗುರುತು, ಬೇರೆ ಕಾರಣ

ಸಾಕ್ಷಿ ಇದ್ದ ಮಾತ್ರಕ್ಕೆ ತೀರ್ಪು ಕೊಡಲಾಗದು. ಚಪ್ಪಟೆಯಾದ ಕೇಪನ್ನೇ ನೋಡಿ. ಬೋಲ್ಟಿಗೂ ತೋಟಾಕ್ಕೂ ನಡುವೆ ಸಂದು ಹೆಚ್ಚಿದ್ದರೆ ಕೇಪು ಮೊದಲು ಹಿಂದಕ್ಕೆ ಸರಿಯುತ್ತದೆ. ಆಮೇಲೆ ಕವಚ ಹಿಂದಕ್ಕೆ ಬಂದು ಅದನ್ನು ಜಜ್ಜುತ್ತದೆ. ಒತ್ತಡ ಸಾಧಾರಣವಾಗಿದ್ದರೂ ಕೇಪು ಚಪ್ಪಟೆ! ಕೇಪಿನ ಲೋಹ ಮೆತ್ತಗಿದ್ದರೂ ಹಾಗೆಯೇ. ಸೂಜಿಯ ರಂಧ್ರ ಸವೆದು ದೊಡ್ಡದಾಗಿದ್ದರೆ ಕುಳಿಯ ಸುತ್ತ ಉಬ್ಬು ಮೂಡುತ್ತದೆ. ಗೂಡಿನಲ್ಲಿ ಕಿಲುಬು, ಮಸಿ ಕಟ್ಟಿದ್ದರೆ ಬೋಲ್ಟ್ ಬಿಗಿಯಾಗುತ್ತದೆ. ಕವಚದ ಬುಡದ ಸ್ವಲ್ಪ ಮೇಲೆ ಕಾಣುವ ಹೊಳೆಯುವ ಉಂಗುರವನ್ನು ಹಲವರು ಅತಿ ಒತ್ತಡದ ಗುರುತೆಂದು ತಿಳಿಯುತ್ತಾರೆ. ಅದು ಸಾಮಾನ್ಯವಾಗಿ ಕವಚ ಹಿಗ್ಗಿ ತೆಳುವಾದದ್ದರ, ಇನ್ನೇನು ಎರಡು ತುಂಡಾಗಲಿದೆ ಎಂಬುದರ ಗುರುತು. ಅದೂ ಅಪಾಯವೇ, ಆದರೆ ಕಾರಣ ಬೇರೆ.

ನಿಜವಾಗಿ ಒತ್ತಡ ಏರಿದ್ದರೂ ಅದಕ್ಕೆ ಕಾರಣ ಮದ್ದಿನ ತೂಕ ಒಂದೇ ಆಗಿರಬೇಕಿಲ್ಲ. ಬೇಗ ಉರಿಯುವ ಬೇರೆ ಜಾತಿಯ ಮದ್ದು ಬಂದಿರಬಹುದು. ಕವಚದ ಕುತ್ತಿಗೆ ಉದ್ದವಾಗಿ, ಗೂಡಿನ ತುದಿಗೆ ಸಿಕ್ಕಿಕೊಂಡು ಗುಂಡನ್ನು ಬಿಗಿಹಿಡಿದಿರಬಹುದು. ಗುಂಡು ಮುಂದೆ ಕೂತು ನಳಿಗೆಯ ಸುರುಳಿ ಗೀರುಗಳಿಗೆ ಮೊದಲೇ ಒತ್ತಿಕೊಂಡಿರಬಹುದು. ದಪ್ಪ ಗೋಡೆಯ ಕವಚವಾಗಿದ್ದು ಒಳಗಿನ ಜಾಗವೇ ಕಡಿಮೆಯಿರಬಹುದು. ನಳಿಗೆಯಲ್ಲಿ ಎಣ್ಣೆಯೋ ಚಿಂದಿಯೋ ಉಳಿದಿರಬಹುದು. ಬಿಸಿಲೂ ಒಂದು ಕಾರಣವೇ. ಚಳಿಗಾಲದ ಬೆಳಗ್ಗೆ ಸರಿಯಿದ್ದ ತೋಟಾವನ್ನು ಸವದತ್ತಿ ಕಡೆಯ ಏಪ್ರಿಲ್ ಮಧ್ಯಾಹ್ನ ಜೀಪಿನೊಳಗೆ ಕಾಯಲು ಬಿಟ್ಟರೆ ಮದ್ದು ಇನ್ನೂ ಚುರುಕಾಗಿ ಉರಿಯುತ್ತದೆ.

ಹಾಗಾದರೆ ತಜ್ಞರು ಏನು ಮಾಡುತ್ತಾರೆ? ಗುರುತು ಕಂಡೊಡನೆ ನಿಲ್ಲಿಸುತ್ತಾರೆ. ‘ಇನ್ನೊಂದು ಹಾರಿಸಿ ನೋಡೋಣ’ ಎನ್ನುವುದಿಲ್ಲ. ಉಳಿದ ತೋಟಾಗಳನ್ನು ಬಿಚ್ಚಿ ಮದ್ದನ್ನು ಮತ್ತೆ ತೂಗುತ್ತಾರೆ. ಕವಚದ ಉದ್ದ, ಗೂಡಿನ ಸ್ವಚ್ಛತೆ, ಬೋಲ್ಟಿನ ಸಂದು ಒಂದೊಂದಾಗಿ ಪರೀಕ್ಷಿಸುತ್ತಾರೆ. ಆಮೇಲೆ ಕೆಳಗಿನ ಅಳತೆಯಿಂದ ಮತ್ತೆ ಆರಂಭಿಸಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿ ಬದಲಾವಣೆಯನ್ನೂ ಪುಸ್ತಕದಲ್ಲಿ ಬರೆದಿಡುತ್ತಾರೆ. ಪ್ರಯೋಗಶಾಲೆಯಲ್ಲಿ ಎರಡು ಅಂಶಗಳನ್ನು ಒಟ್ಟಿಗೆ ಬದಲಿಸಿ ಫಲಿತಾಂಶ ಬರೆಯುವ ವಿದ್ಯಾರ್ಥಿ ಈ ಮಾತನ್ನು ಗಮನಿಸಬೇಕು. ಅಲ್ಲಿ ಹೋಗುವುದು ಅಂಕ, ಇಲ್ಲಿ ಹೋಗುವುದು ಕಣ್ಣು.

ಗುರುತು ಇಲ್ಲದಿದ್ದರೆ?

ಎಲ್ಲಕ್ಕಿಂತ ದೊಡ್ಡ ಮೋಸ ಇರುವುದು ಇಲ್ಲಿ. ಹೊಗೆ ಕಂಡಲ್ಲಿ ಬೆಂಕಿಯಿದೆ ಎಂದು ನಮ್ಮ ನ್ಯಾಯಶಾಸ್ತ್ರ ಹೇಳುತ್ತದೆ. ಆದರೆ ಬೆಂಕಿ ಇದ್ದಲ್ಲೆಲ್ಲ ಹೊಗೆ ಇರಲೇಬೇಕೆಂದು ಅದು ಒಪ್ಪುವುದಿಲ್ಲ. ಅದಕ್ಕೆ ಅಲ್ಲಿನ ಪಂಡಿತರು ಕೊಡುತ್ತಿದ್ದ ಉದಾಹರಣೆ ಕಾದ ಕಬ್ಬಿಣದ ಗುಂಡು. ಅದರಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ‘ಹೊಗೆಯಿಲ್ಲ, ಆದ್ದರಿಂದ ಬೆಂಕಿಯಿಲ್ಲ’ ಎಂದು ಮುಟ್ಟಿದವನ ಕೈ ಸುಡುತ್ತದೆ.

ತೋಟಾದ ವಿಷಯದಲ್ಲೂ ಹಾಗೆಯೇ. ಅಮೆರಿಕದ ಮಾನದಂಡದಂತೆ ಹಳೆಯ .303 ತೋಟಾಕ್ಕೆ ಗರಿಷ್ಠ ಮಿತಿ ಚದರ ಅಂಗುಲಕ್ಕೆ 49,000 ಪೌಂಡ್; ಈಚಿನ .308ಕ್ಕೆ 62,000. ಆದರೆ ಎರಡಕ್ಕೂ ಬಳಸುವ ಹಿತ್ತಾಳೆ ಒಂದೇ ಜಾತಿಯದು. ಆ ಹಿತ್ತಾಳೆ ಬಾಯಿ ಬಿಡುವುದು ಅನೇಕ ವೇಳೆ 60,000 ದಾಟಿದ ಮೇಲೆ. ಅಂದರೆ .303 ರೈಫಲಿನಲ್ಲಿ ಮೊದಲ ಗುರುತು ಕಾಣುವ ಹೊತ್ತಿಗೆ ಮಿತಿ ಎಂದೋ ಮೀರಿರುತ್ತದೆ. ಕೇಪು ನುಣ್ಣಗೆ, ದುಂಡಗೆ ಇದೆ ಎಂದು ನಂಬಿ ಇನ್ನಷ್ಟು ಮದ್ದು ಸುರಿದವನು ಕಾದ ಕಬ್ಬಿಣ ಮುಟ್ಟಿದವನಂತೆ. ಗುರುತು ಕಂಡರೆ ಎಚ್ಚರ ಬೇಕು, ನಿಜ. ಕಾಣದಿದ್ದರೆ ಕ್ಷೇಮ ಎಂದಲ್ಲ.

ಅಳೆಯಲು ಕಲಿತ ಬಗೆ

ಆದ್ದರಿಂದಲೇ ವಿಜ್ಞಾನಿಗಳು ಗುರುತು ನೋಡುವುದನ್ನು ಬಿಟ್ಟು ಅಳತೆಗೆ ಹೊರಟರು. ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ 1742ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಸರಳ ಉಪಾಯ ಹೇಳಿದ. ತೂಗುಬಿಟ್ಟ ಭಾರವಾದ ಮರದ ದಿಮ್ಮಿಗೆ ಗುಂಡು ಹೊಡೆದು, ಅದು ಎಷ್ಟು ತೂಗಿತು ಎಂಬುದರಿಂದ ಗುಂಡಿನ ವೇಗ ಲೆಕ್ಕ ಹಾಕುವುದು. ಮದ್ದಿನ ಅನಿಲದ ಒತ್ತಡ ವಾಯುಮಂಡಲದ ಒತ್ತಡಕ್ಕಿಂತ ಸಾವಿರ ಪಟ್ಟು ಎಂದು ಅವನು ಅಂದಾಜಿಸಿದ. ಈ ರಾಬಿನ್ಸ್ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ನಮ್ಮ ದೇಶಕ್ಕೇ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ.

ಹತ್ತೊಂಬತ್ತನೆಯ ಶತಮಾನದಲ್ಲಿ ಆಂಡ್ರೂ ನೋಬಲ್ ತಾಮ್ರದ ಸಣ್ಣ ಉರುಳೆಯನ್ನು ಬಳಕೆಗೆ ತಂದ. ಒತ್ತಡ ಒಂದು ಕೊರಡನ್ನು ತಳ್ಳುತ್ತದೆ, ಕೊರಡು ಉರುಳೆಯನ್ನು ಹಿಸುಕುತ್ತದೆ, ಉರುಳೆ ಎಷ್ಟು ಕುಗ್ಗಿತೆಂದು ಅಳೆದರೆ ಒತ್ತಡ ತಿಳಿಯಿತು. ಬಹುಕಾಲ ಜಗತ್ತು ನಂಬಿದ್ದು ಇದನ್ನೇ. ಆದರೆ ಕ್ಷಣಾರ್ಧದ ಶಿಖರವನ್ನು ಹಿಡಿಯಲು ತಾಮ್ರಕ್ಕೆ ಅಷ್ಟು ಚುರುಕಿಲ್ಲ. ಈಗ ಬಳಸುವುದು ಒತ್ತಿದರೆ ವಿದ್ಯುತ್ ಹೊಮ್ಮಿಸುವ ಹರಳು. 1880ರಲ್ಲಿ ಕ್ಯೂರಿ ಸಹೋದರರು ಕಂಡುಹಿಡಿದ ಗುಣವಿದು. ಮನೆಯ ಗ್ಯಾಸ್ ಲೈಟರಿನಲ್ಲಿ ಕಿಡಿ ಹಾರಿಸುವುದೂ ಇದೇ. ಒಂದೇ .308 ತೋಟಾಕ್ಕೆ ತಾಮ್ರದ ಅಳತೆಯಲ್ಲಿ ಮಿತಿ 52,000, ಹರಳಿನ ಅಳತೆಯಲ್ಲಿ 62,000! ಒತ್ತಡ ಬದಲಾಗಿಲ್ಲ, ಅಳೆಯುವ ಸಾಧನ ಬದಲಾಗಿದೆ. ಯಾವ ಸಾಧನದ ಅಳತೆ ಎಂದು ಹೇಳದ ಅಂಕಿ ಅರ್ಧ ಮಾತಿದ್ದಂತೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಓದುವ ಮಕ್ಕಳಿಗೆ, ಹೆತ್ತವರಿಗೆ

ಖಾಲಿ ತೋಟಾವನ್ನು ಓದುವ ವಿದ್ಯೆ ಇನ್ನೊಂದು ಕಡೆಯೂ ಬೇಕು. ಧಾರವಾಡದಲ್ಲಿ 2015ರಲ್ಲಿ ಎಂ.ಎಂ. ಕಲಬುರ್ಗಿ, ಬೆಂಗಳೂರಿನಲ್ಲಿ 2017ರಲ್ಲಿ ಗೌರಿ ಲಂಕೇಶ್ ಹತ್ಯೆಯಾದರು. ಎರಡೂ ಕಡೆ ಸಿಕ್ಕ ಗುಂಡು, ತೋಟಾಗಳ ಮೇಲಿನ ಗುರುತುಗಳನ್ನು ಹೋಲಿಸಿ, ಅವು ಒಂದೇ ಪಿಸ್ತೂಲಿನಿಂದ ಹಾರಿದವು ಎಂದು ರಾಜ್ಯದ ವಿಧಿವಿಜ್ಞಾನ ಪ್ರಯೋಗಾಲಯ ವರದಿ ನೀಡಿತು. ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿದವರಿಗೆ ಇಂಥ ಪ್ರಯೋಗಾಲಯಗಳಲ್ಲಿ, ಪುಣೆ ಮತ್ತು ಚಂಡೀಗಢದಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆಗಳಲ್ಲಿ ಕೆಲಸವಿದೆ. ಗುಂಡು ಹಾರಿಸುವ ಆಸೆಯಿದ್ದವರಿಗೆ ಎನ್‌ಸಿಸಿ ಇದೆ. ಅಲ್ಲಿ ಕಲಿಸುವವರಿದ್ದಾರೆ, ಕಾರ್ಖಾನೆಯ ತೋಟಾ ಇರುತ್ತದೆ, ಕಾವಲಿರುತ್ತದೆ. ಕಿತ್ತೂರಿನಲ್ಲಿ ಹೆಣ್ಣುಮಕ್ಕಳಿಗಾಗಿಯೇ ರಾಣಿ ಚನ್ನಮ್ಮನ ಹೆಸರಿನ ವಸತಿ ಸೈನಿಕ ಶಾಲೆ 1969ರಲ್ಲಿ ಆರಂಭವಾಗಿದೆ.

ಹೆತ್ತವರಿಗೂ ಒಂದು ಮಾತು. ಬೆಳೆ ಕಾಯಲೆಂದು ಪರವಾನಗಿ ಪಡೆದ ಬಂದೂಕು, ಅಜ್ಜನ ಕಾಲದ ಕೋವಿ ಇರುವ ಮನೆಗಳು ನಮ್ಮ ಹಳ್ಳಿಗಳಲ್ಲಿ ಇವೆ. ಬಂದೂಕು ಒಂದು ಕಡೆ, ತೋಟಾ ಇನ್ನೊಂದು ಕಡೆ, ಎರಡಕ್ಕೂ ಬೀಗ - ಇಷ್ಟಂತೂ ಬೇಕು. ಅಟ್ಟದಲ್ಲಿ ಸಿಕ್ಕ ಹಳೆಯ ತೋಟಾವನ್ನು ಹಾರಿಸಿ ನೋಡುವುದಾಗಲಿ, ಬಿಚ್ಚಿ ನೋಡುವುದಾಗಲಿ ಸಲ್ಲದು; ಪೊಲೀಸ್ ಠಾಣೆಗೆ ತಿಳಿಸಬೇಕು. ಪರವಾನಗಿಯಿಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಅಪರಾಧ. ಕಾನೂನು ಹಾಗೆ ಹೇಳದಿದ್ದರೂ ಹಿತ್ತಾಳೆಯ ಮೇಲೆ ಭಾರ ಹಾಕಿ ಕೂರುವಂತಿಲ್ಲ. ಅದು ಸುಳ್ಳು ಹೇಳುವ ಸಾಕ್ಷಿಯಲ್ಲ, ತಡವಾಗಿ ಹೇಳುವ ಸಾಕ್ಷಿ. ಆ ಹೊತ್ತಿಗೆ ಕೇಳುವವನ ಕಣ್ಣು, ಕೈ ನೆಟ್ಟಗಿರಬೇಕಲ್ಲ!