ತಿರುಗದ ಚೆಂಡೇ ಬಂಡವಾಳ

ಉದ್ಯಮವೊಂದರ ಯೋಗ್ಯತೆಯನ್ನು ಅದು ಕಂಡ ಅತ್ಯುತ್ತಮ ವರ್ಷದಿಂದ ಅಳೆಯುವ ರೂಢಿ ವರ್ತಕ ವಲಯದಲ್ಲಿ ಬಲವಾಗಿ ಬೇರೂರಿದೆ. 2023ರ ಜುಲೈ ತಿಂಗಳಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ.ಯ ಟೊಮೆಟೊ ಬಾಕ್ಸ್ ಒಂದರ ಬೆಲೆ 2,000 ರೂಪಾಯಿಗಳನ್ನು ದಾಟಿತು. ಅದರ ಮಾತು ಇಂದಿಗೂ ಮಂಡಿಗಳಲ್ಲಿ ನಿಂತಿಲ್ಲ. ಆದರೆ ಕೆಲವೇ ತಿಂಗಳುಗಳಲ್ಲಿ ಅದೇ ಬೆಲೆ ನೆಲ ಕಚ್ಚಿತೆಂಬುದನ್ನು ನೆನೆಯುವವರು ವಿರಳ. ಅಂಗಡಿಯಾಗಲಿ ಕಾರ್ಖಾನೆಯಾಗಲಿ ಬಾಳುವುದು ಒಂದು ಸುಗ್ಗಿಯಿಂದಲ್ಲ, ಸುಗ್ಗಿಯಿಲ್ಲದ ಹತ್ತಾರು ವರ್ಷಗಳಲ್ಲಿ ತೋರಿದ ಏಕರೂಪದ ದುಡಿಮೆಯಿಂದ. ಈ ಮಾತಿಗೆ ಕನ್ನಡಿಗರೊಬ್ಬರ ಕ್ರೀಡಾ ಜೀವನಕ್ಕಿಂತ ಉತ್ತಮ ನಿದರ್ಶನ ಸಿಗುವುದು ಕಷ್ಟ. ಅವರು ಅನಿಲ್ ಕುಂಬ್ಳೆ.

ಕಾಸರಗೋಡಿನ ಕುಂಬ್ಳೆಯ ಹೆಸರನ್ನು ಹೊತ್ತ ಮನೆತನದಲ್ಲಿ, 1970ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಈ ಆಟಗಾರ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವೀಧರರು. 1990ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಮೊದಲ ಟೆಸ್ಟ್ ಪಂದ್ಯವನ್ನಾಡಿದ ಅವರು, ಅನಂತರ ಎರಡು ವರ್ಷ ತಂಡದ ಹೊರಗೇ ಉಳಿಯಬೇಕಾಯಿತು. ಲೆಗ್ ಸ್ಪಿನ್ ಬೌಲರ್ ಎಂದರೆ ಚೆಂಡನ್ನು ಗಾಳಿಯಲ್ಲಿ ತೇಲಿಸಿ ಮೊಳದುದ್ದ ತಿರುಗಿಸಬೇಕೆಂಬುದು ಅಂದಿನ ಪಂಡಿತರ ಅಳತೆಗೋಲು. ಆ ಅಳತೆಗೆ ಕುಂಬ್ಳೆ ಎಂದೂ ಸರಿಹೊಂದಲಿಲ್ಲ. 1993ರಲ್ಲಿ ಭಾರತ ಪ್ರವಾಸಕ್ಕೆ ಮುನ್ನ ಅವರ ಬೌಲಿಂಗನ್ನು ಪರೀಕ್ಷಿಸಲು ದಕ್ಷಿಣ ಆಫ್ರಿಕಕ್ಕೆ ಹೋಗಿದ್ದ ಇಂಗ್ಲೆಂಡಿನ ಕೀತ್ ಫ್ಲೆಚರ್, ಈತ ಚೆಂಡನ್ನು ತಿರುಗಿಸುವುದೇ ಇಲ್ಲವೆಂಬ ವರದಿಯೊಂದಿಗೆ ಹಿಂದಿರುಗಿದರು. ಆ ಸರಣಿಯ ಮೂರು ಟೆಸ್ಟ್‌ಗಳಲ್ಲಿ ಕುಂಬ್ಳೆ ಪಡೆದ ವಿಕೆಟ್‌ಗಳು 21. ಮೂರರಲ್ಲೂ ಇಂಗ್ಲೆಂಡ್ ಸೋತಿತು.

ಫ್ಲೆಚರ್ ಕಂಡದ್ದು ಸುಳ್ಳಲ್ಲ. ಅದರ ಬೆಲೆಯನ್ನು ಕಟ್ಟುವಲ್ಲಿ ಅವರು ಎಡವಿದರು. ತಮ್ಮ ಕೈಯಲ್ಲಿಲ್ಲದ ತಿರುವಿಗಾಗಿ ಕುಂಬ್ಳೆ ಹಂಬಲಿಸಲಿಲ್ಲ. ತಮ್ಮಲ್ಲಿದ್ದ ಎತ್ತರ, ವೇಗ, ಪುಟಿತ, ಗುರಿಯ ನಿಖರತೆ ಇವುಗಳನ್ನೇ ಬಂಡವಾಳವಾಗಿ ಹೂಡಿದರು. ಓವರ್ ಮೇಲೆ ಓವರ್ ಒಂದೇ ತಾಣಕ್ಕೆ ಬೀಳುತ್ತಿದ್ದ ಎಸೆತಗಳಲ್ಲಿ ಯಾವುದು ತುಸು ಬೇರೆಯಾದೀತೆಂದು ತಿಳಿಯದೆ ದಾಂಡಿಗರು ಸೋತರು. 18 ವರ್ಷಗಳಲ್ಲಿ 132 ಟೆಸ್ಟ್, 619 ವಿಕೆಟ್ ಎಂಬ ಲೆಕ್ಕ ಆ ಹೂಡಿಕೆಯ ಫಲ.

ಇಂಥ ಉದಾಹರಣೆ ಹೊರದೇಶದಲ್ಲಿಯೂ ಉಂಟು. ಅಮೆರಿಕದ ಫುಟ್‌ಬಾಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬ ಆಟಗಾರನೇ ತಂಡದ ಸೂತ್ರಧಾರ. ಚೆಂಡನ್ನು ಯಾರಿಗೆ, ಯಾವಾಗ ಎಸೆಯಬೇಕೆಂದು ಕ್ಷಣಾರ್ಧದಲ್ಲಿ ನಿರ್ಧರಿಸುವವನು ಅವನು. 2000ನೇ ಇಸವಿಯ ಆಯ್ಕೆಯಲ್ಲಿ ಟಾಮ್ ಬ್ರೇಡಿ ಎಂಬ ಕ್ವಾರ್ಟರ್‌ಬ್ಯಾಕ್‌ಗೆ ದೊರೆತ ಸ್ಥಾನ 199ನೆಯದು. ಓಟದಲ್ಲಿ ನಿಧಾನ, ಮೈಕಟ್ಟು ಸಾಧಾರಣ ಎಂಬುದು ಆಯ್ಕೆದಾರರ ತೀರ್ಪು. ಅದೇ ಬ್ರೇಡಿ ಏಳು ಬಾರಿ ಸೂಪರ್ ಬೌಲ್ ವಿಜೇತರಾದರು, ಕೊನೆಯದನ್ನು 2021ರಲ್ಲಿ ತಮ್ಮ 43ನೇ ವಯಸ್ಸಿನಲ್ಲಿ ಗೆದ್ದರು. ಇಲ್ಲದ ವೇಗದ ಚಿಂತೆ ಬಿಟ್ಟು, ಇದ್ದ ನಿರ್ಣಯ ಶಕ್ತಿಯನ್ನು ದಿನವೂ ಸಾಣೆ ಹಿಡಿದುದೇ ಅಲ್ಲಿಯೂ ಗೆಲುವಿನ ಗುಟ್ಟು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಸಣ್ಣ ಉದ್ದಿಮೆದಾರರಿಗೆ ಈ ಸಂಗತಿ ಕೇವಲ ಕ್ರೀಡಾ ವಾರ್ತೆಯಲ್ಲ. ನರಸಾಪುರದಲ್ಲಿ ಹೋಂಡಾ ಸಂಸ್ಥೆಯ ದ್ವಿಚಕ್ರ ವಾಹನ ಕಾರ್ಖಾನೆ 2013ರಲ್ಲಿ ಆರಂಭವಾಯಿತು. ಅಲ್ಲಿಯೇ ವಿಸ್ಟ್ರಾನ್ ಸ್ಥಾಪಿಸಿದ ಮೊಬೈಲ್ ಫೋನ್ ಕಾರ್ಖಾನೆ 2023ರಲ್ಲಿ ಟಾಟಾ ಸಮೂಹದ ಕೈಸೇರಿತು. ಇಂತಹ ಬೃಹತ್ ಉದ್ಯಮಗಳು ಬಿಡಿಭಾಗ ಪೂರೈಸುವವನಲ್ಲಿ ಬಯಸುವುದು ಚಮತ್ಕಾರವನ್ನಲ್ಲ. ಮೊದಲನೆಯ ತುಣುಕು ಹೇಗಿದೆಯೋ ಸಾವಿರದ ತುಣುಕೂ ಹಾಗೆಯೇ ಇರಬೇಕು, ಹೇಳಿದ ದಿನಕ್ಕೆ ಬಂದು ಸೇರಬೇಕು. ಸಾವಿರದಲ್ಲಿ ಹತ್ತು ತುಣುಕು ಅಳತೆ ತಪ್ಪಿದರೆ ಉಳಿದ 990 ತುಣುಕುಗಳ ಗುಣವನ್ನು ಯಾರೂ ಕೊಂಡಾಡುವುದಿಲ್ಲ. ಇಡೀ ಸರಕೇ ಹಿಂದಿರುಗುತ್ತದೆ.

ಹೀಗಿರುವಾಗ, ನೆರೆಯ ಘಟಕದವನು ಹೊಸ ಯಂತ್ರ ತಂದನೆಂದು ಸಾಲ ಮಾಡಿ ಅಂಥದ್ದೇ ಯಂತ್ರ ತರುವುದು, ಯಾವುದೋ ಸರಕಿಗೆ ಬೇಡಿಕೆ ಬಂದಿತೆಂದು ಕೈಯಲ್ಲಿದ್ದ ಕಸುಬನ್ನು ಬಿಟ್ಟು ಅದರ ಹಿಂದೆ ಓಡುವುದು ವಿವೇಕವೆನಿಸದು. ಅದು ಇಲ್ಲದ ತಿರುವಿಗಾಗಿ ಹಂಬಲಿಸಿದಂತೆ. ಉದ್ದಿಮೆದಾರನು ಮೊದಲು ತನ್ನ ಘಟಕದಲ್ಲಿ ತಿಂಗಳಿಗೆ ಎಷ್ಟು ಸರಕು ತಿರಸ್ಕೃತವಾಗುತ್ತಿದೆ, ಯಾವ ಕಾರಣಕ್ಕೆ, ಯಾವ ಯಂತ್ರದಲ್ಲಿ ಎಂಬುದನ್ನು ಬರೆದಿಡಬೇಕು. ಹಳ್ಳಿಯ ಹಾಲಿನ ಸಂಘಗಳು ಬೆಳಿಗ್ಗೆ ಸಂಜೆ ಹಾಲಿನ ಕೊಬ್ಬಿನಂಶ ನೋಡಿ ದರ ಕಟ್ಟುತ್ತವೆ. ದಿನವೂ ಪರೀಕ್ಷೆಗೆ ಒಡ್ಡಿಕೊಳ್ಳುವ ಆ ಶಿಸ್ತನ್ನು ರೈತ ಮಹಿಳೆಯರೇ ಅರಗಿಸಿಕೊಂಡಿರುವಾಗ ಕಾರ್ಖಾನೆಯ ಮಾಲೀಕರಿಗೆ ಅದು ಅಸಾಧ್ಯವೆನ್ನಲಾಗದು.

ವ್ಯಾಪಾರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಶಿವರಾತ್ರಿಯ ವೇಳೆಗೆ ಸೇರುವ ಆವನಿಯ ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ, ನಡಿಗೆ ನೋಡುತ್ತಾನೆ, ಕೊನೆಗೆ ಮಾರುವವನ ಮುಖ ನೋಡುತ್ತಾನೆ. ಹಿಂದಿನ ಜಾತ್ರೆಯಲ್ಲಿ ಹೇಳಿದ ಮಾತು ನಿಂತಿದ್ದರೆ ಮಾತ್ರ ಈ ಜಾತ್ರೆಯಲ್ಲಿ ವ್ಯಾಪಾರ ಕುದುರುತ್ತದೆ. ಬಾಕ್ಸಿನ ಮೇಲ್ಪದರದಲ್ಲಿ ಒಳ್ಳೆಯ ಹಣ್ಣು, ಅಡಿಯಲ್ಲಿ ಗುಳ್ಳೆ ಹಣ್ಣು ಇಡುವವನು ಒಂದು ದಿನ ಗೆಲ್ಲಬಹುದು, ಮರುದಿನ ಹೊರರಾಜ್ಯದ ಖರೀದಿದಾರ ಪಕ್ಕದ ಮಂಡಿಗೆ ಹೋಗುತ್ತಾನೆ.

ಮಾರುಕಟ್ಟೆ ಬದಲಾಗುತ್ತಿರುವಾಗ ಹಿಡಿದದ್ದನ್ನೇ ಹಿಡಿದು ಕೂರುವುದು ಮೊಂಡುತನವಲ್ಲವೇ ಎಂಬ ಆಕ್ಷೇಪಣೆ ಏಳುವುದು ಸಹಜ. ಇದಕ್ಕೂ ಕುಂಬ್ಳೆಯವರ ವೃತ್ತಿಯಲ್ಲಿಯೇ ಉತ್ತರವಿದೆ. 2001ರ ಆರಂಭದಲ್ಲಿ ಅವರು ಭುಜದ ಶಸ್ತ್ರಚಿಕಿತ್ಸೆಗೆ ಒಳಗಾದರು. ಅವರಿಲ್ಲದೆ ನಡೆದ ಆಸ್ಟ್ರೇಲಿಯ ವಿರುದ್ಧದ ಐತಿಹಾಸಿಕ ಸರಣಿಯಲ್ಲಿ ಹರಭಜನ್ ಸಿಂಗ್ 32 ವಿಕೆಟ್ ಪಡೆದು ಮನೆಮಾತಾದರು. ಕುಂಬ್ಳೆಯವರ ಕಾಲ ಮುಗಿಯಿತೆಂದು ಅನೇಕರು ಬಗೆದರು. ಆದರೆ ಅವರು ಹಳೆಯ ಬುನಾದಿಯನ್ನು ಕೆಡವದೆಯೇ ಎಸೆತದ ವೇಗದಲ್ಲಿ ಏರಿಳಿತ ತಂದರು, ಗೂಗ್ಲಿಯನ್ನು ಹದಗೊಳಿಸಿದರು. 2003-04ರ ಆಸ್ಟ್ರೇಲಿಯ ಪ್ರವಾಸದ ಮೊದಲ ಟೆಸ್ಟ್‌ನಲ್ಲಿ ಅವಕಾಶ ದೊರೆಯದಿದ್ದರೂ ಉಳಿದ ಮೂರು ಟೆಸ್ಟ್‌ಗಳಲ್ಲಿ 24 ವಿಕೆಟ್ ಗಳಿಸಿದರು. ಒಟ್ಟು 619 ವಿಕೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಶಸ್ತ್ರಚಿಕಿತ್ಸೆಯ ಅನಂತರ. ದುರಸ್ತಿಗೆ ತಕ್ಕ ಕಾಲದಲ್ಲಿ ಬಿಡುವು ಕೊಟ್ಟ ಯಂತ್ರವೇ ಹೆಚ್ಚು ಕಾಲ ದುಡಿಯುತ್ತದೆ ಎಂಬುದು ಕಾರ್ಖಾನೆ ನಡೆಸುವವರಿಗೆ ತಿಳಿಯದ ವಿಷಯವಲ್ಲ. ತಿಳಿದೂ ಮುಂದೂಡುವುದೇ ರೋಗ.

1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್‌ಗಳನ್ನು 74 ರನ್‌ಗಳಿಗೆ ಕಬಳಿಸಿದ ಸಾಧನೆಯನ್ನು ಜನ ಮೊದಲು ನೆನೆಯುತ್ತಾರೆ. ಒಂಬತ್ತು ವಿಕೆಟ್ ಬಿದ್ದ ಮೇಲೆ ಇನ್ನೊಂದು ಕೊನೆಯಿಂದ ಜಾವಗಲ್ ಶ್ರೀನಾಥ್ ಚೆಂಡನ್ನು ಬೇಕೆಂದೇ ವಿಕೆಟ್‌ನಿಂದ ದೂರಕ್ಕೆ ಎಸೆದು ಜೊತೆಗಾರನಿಗೆ ದಾರಿ ಬಿಟ್ಟರು ಎಂಬುದನ್ನೂ ಮರೆಯಲಾಗದು. ಅಂಥ ಸಹಕಾರ ಬೇಡಿ ಪಡೆಯುವಂಥದಲ್ಲ, ವರ್ಷಗಳ ನಡತೆಯಿಂದ ಒದಗುವಂಥದು. ಸಣ್ಣ ಪೂರೈಕೆದಾರರಿಗೆ ಹೇಳಿದ ದಿನ ಹಣ ಪಾವತಿಸುವ ಮಾಲೀಕನಿಗೆ ಕಷ್ಟಕಾಲದಲ್ಲಿ ಸಾಲದ ಸರಕು ದೊರೆಯುವುದೂ ಇದೇ ರೀತಿಯಲ್ಲಿ.

ನಾಯಕತ್ವ ಅವರಿಗೆ ದೊರೆತದ್ದು 2007ರ ನವೆಂಬರ್‌ನಲ್ಲಿ, 37ನೇ ವಯಸ್ಸಿನಲ್ಲಿ. 2008ರ ಜನವರಿಯ ಸಿಡ್ನಿ ಟೆಸ್ಟ್ ವಿವಾದಗಳ ಕೆಸರಿನಲ್ಲಿ ಮುಗಿದಾಗ, ಆಟದ ಧರ್ಮಕ್ಕೆ ತಕ್ಕಂತೆ ಆಡಿದ್ದು ಒಂದೇ ತಂಡವೆಂದು ಅವರು ಬಹಿರಂಗವಾಗಿಯೇ ಹೇಳಿದರು. ಆದರೆ ಮಾತಿಗಷ್ಟೇ ನಿಲ್ಲದೆ ಮುಂದಿನ ಪರ್ತ್ ಟೆಸ್ಟ್‌ನಲ್ಲಿ ತಂಡವನ್ನು ಗೆಲ್ಲಿಸಿ, ಆಸ್ಟ್ರೇಲಿಯದ ಸತತ 16 ಗೆಲುವುಗಳ ಸರಪಳಿಯನ್ನು ಕಡಿದರು. ಅನ್ಯಾಯವಾದಾಗ ದನಿ ಎತ್ತಬೇಕು, ದುಡಿಮೆಯನ್ನು ನಿಲ್ಲಿಸಬಾರದು.

ಅವರ ನಿರ್ಗಮನದಲ್ಲಿಯೂ ಪಾಠವಿದೆ. 2008ರ ಅಕ್ಟೋಬರ್‌ನಲ್ಲಿ ಮೊಹಾಲಿ ಟೆಸ್ಟ್‌ಗೆ ಅವರು ಗಾಯದಿಂದ ದೂರ ಉಳಿದಾಗ ಮಹೇಂದ್ರ ಸಿಂಗ್ ಧೋನಿ ತಂಡವನ್ನು ನಡೆಸಿ ಗೆಲುವು ತಂದರು. ಮುಂದಿನ ದೆಹಲಿ ಟೆಸ್ಟ್‌ನಲ್ಲಿ ಬೆರಳಿಗೆ ಪೆಟ್ಟಾಯಿತು. ನವೆಂಬರ್ 2ರಂದು, ಸರಣಿ ಇನ್ನೂ ಮುಗಿಯದಿರುವಾಗಲೇ, ಕುಂಬ್ಳೆ ನಿವೃತ್ತಿ ಘೋಷಿಸಿದರು. ಧೋನಿಯ ನೇತೃತ್ವದಲ್ಲಿ ನಾಗಪುರದ ಪಂದ್ಯವನ್ನು ಗೆದ್ದ ಭಾರತ ಸರಣಿಯನ್ನೂ ವಶಪಡಿಸಿಕೊಂಡಿತು. ನಾಯಕ ಹೊರನಡೆದ ವಾರದಲ್ಲಿ ತಂಡ ತತ್ತರಿಸಲಿಲ್ಲ, ಏಕೆಂದರೆ ಮುಂದಿನವನ ಪರೀಕ್ಷೆ ಆಗಲೇ ಆಗಿತ್ತು.

ಜಿಲ್ಲೆಯ ಎಷ್ಟೋ ಸಣ್ಣ ಘಟಕಗಳಲ್ಲಿ ಚೆಕ್ಕಿಗೆ ಸಹಿ, ಗಿರಾಕಿಯ ಪರಿಚಯ, ಸರಕಿನ ಲೆಕ್ಕ, ಬ್ಯಾಂಕಿನ ವ್ಯವಹಾರ ಎಲ್ಲವೂ ಯಜಮಾನನೊಬ್ಬನ ತಲೆಯಲ್ಲಿ ಮಾತ್ರ ಇರುತ್ತವೆ. ಆತ ಹಾಸಿಗೆ ಹಿಡಿದ ದಿನ ಬಾಗಿಲು ಅರ್ಧ ಮುಚ್ಚಿದಂತೆಯೇ. ಮಗನಾಗಲಿ ಮಗಳಾಗಲಿ ನಂಬಿಕಸ್ಥ ಮೇಲ್ವಿಚಾರಕನಾಗಲಿ, ಯಜಮಾನ ಗಟ್ಟಿಯಾಗಿರುವಾಗಲೇ ಒಂದೆರಡು ತಿಂಗಳು ಸಂಪೂರ್ಣ ಹೊಣೆ ಹೊತ್ತು ನೋಡಬೇಕು. ತಪ್ಪಿದರೆ ತಿದ್ದಲು ಹಿರಿಯರಿರುವ ಕಾಲದಲ್ಲಿಯೇ ಕಲಿಕೆ ನಡೆಯಬೇಕು.

ತಿರುಗದ ಚೆಂಡಿನಿಂದ 619 ವಿಕೆಟ್ ಪಡೆದವರ ವೃತ್ತಿ ಸಣ್ಣ ಬಂಡವಾಳದ ಉದ್ದಿಮೆದಾರರಿಗೆ ಧೈರ್ಯ ತರುವಂಥದು. ಇರುವ ಬಲವನ್ನು ಗುರುತಿಸಿ, ದಿನವೂ ಒಂದೇ ಗುಣಮಟ್ಟದಲ್ಲಿ ದುಡಿದು, ದುರಸ್ತಿಯನ್ನು ಮುಂದೂಡದೆ, ಮುಂದಿನವರನ್ನು ಮೊದಲೇ ಸಿದ್ಧಗೊಳಿಸುವ ಘಟಕಕ್ಕೆ ಹಿಂಗಾರಿನ ಬೆಲೆ ಕುಸಿತವೂ ಹೊರಗಿನ ಸ್ಪರ್ಧೆಯೂ ಮಾರಕವಾಗಲಾರವು. ಈ ತಿಂಗಳ ಲೆಕ್ಕಪುಸ್ತಕದಲ್ಲಿ ತಿರಸ್ಕೃತ ಸರಕಿಗೊಂದು ಪುಟ ತೆರೆಯುವುದರಿಂದಲೇ ಆ ಕೆಲಸ ಆರಂಭವಾಗಲಿ.