ಹಾಲು ಹಾವಿಗೆ, ವಿಷ ಗೆದ್ದಲಿಗೆ

1/6
ನಾಗರ ಪಂಚಮಿಗೆ ಹುತ್ತಕ್ಕೆ ಹಾಲೆರೀತೀವಿ. ಹಬ್ಬ ಮುಗಿದು ವಾರ ಕಳೆಯೋದರೊಳಗೆ ಅದೇ ಹುತ್ತಕ್ಕೆ ಕ್ಲೋರೊಪೈರಿಫಾಸ್ ಸುರೀತೀವಿ. ಹಾಲು ಯಾರಿಗೆ? ಕಟ್ಟಿದ ಮನೆಗೆ ಬಂದು ಹೊಕ್ಕ ಹಾವಿಗೆ. ವಿಷ ಯಾರಿಗೆ? ಒಂದೊಂದೇ ಕಣ ಮಣ್ಣು ಹೊತ್ತು ಆ ಮನೆ ಕಟ್ಟಿದ ಗೆದ್ದಲಿಗೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ದೋಸ್ತರೇ, ಇವತ್ತು ನಾನು ಗೆದ್ದಲಿನ ವಕೀಲ. ನಗಬೇಡಿ, ಪೂರ್ತಿ ಓದಿ.

2/6
"ಕಟ್ಟಿಗೆ ತಿನ್ನೋ ದರಿದ್ರ ಹುಳ" ಅಂತೀರಿ. ಆದರೆ ಹುತ್ತ ಕಟ್ಟೋ ಈ ಗೆದ್ದಲಿಗೆ ಕಟ್ಟಿಗೆಯನ್ನ ಒಂದೇ ಕೈಲಿ ಅರಗಿಸೋಕೆ ಆಗಲ್ಲ. ಅದು ರೈತ. ಒಣ ಎಲೆ, ಕಡ್ಡಿ ತಿಂದು ಹಿಕ್ಕೆ ಹಾಕಿ, ಆ ಹಿಕ್ಕೆಯಿಂದಲೇ ಜೇನುಹುಟ್ಟಿನಂಥ ಹೊಲ ಮಾಡುತ್ತೆ. ಅದರ ಮೇಲೆ ಟರ್ಮಿಟೋಮೈಸಿಸ್ ಅನ್ನೋ ಶಿಲೀಂಧ್ರ ಬೆಳೆಯುತ್ತೆ. ಕಟ್ಟಿಗೆಯ ಗಟ್ಟಿ ಅಂಶವಾದ ಲಿಗ್ನಿನ್ ಅನ್ನು ಶಿಲೀಂಧ್ರ ಒಡೆಯುತ್ತೆ, ಸಾಸಿವೆಯಷ್ಟು ಬಿಳಿ ಗುಂಡು ಬಿಡುತ್ತೆ. ಅದೇ ಗೆದ್ದಲಿನ ಊಟ. ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾಗಳೂ ಕೈಜೋಡಿಸ್ತವೆ. ಈ ಬೇಸಾಯಕ್ಕೆ ಸುಮಾರು 3 ಕೋಟಿ ವರ್ಷ. ನಮ್ಮ ಬೇಸಾಯಕ್ಕೆ ಹತ್ತು-ಹನ್ನೆರಡು ಸಾವಿರ ವರ್ಷ, ಅಷ್ಟೇ.

3/6
ಸಹಜೀವನ ಅಂದ ತಕ್ಷಣ ಸಮುದ್ರದ ಉದಾಹರಣೆ ಬರೀತೀವಿ. ತಪ್ಪಲ್ಲ. ಕೆಲವು ಸ್ಪಂಜುಗಳ ತೂಕದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಒಳಗಿನ ಸೂಕ್ಷ್ಮಜೀವಿಗಳದ್ದೇ. ಆದರೆ ಅಂಥದ್ದೇ ಪಾಲುದಾರಿಕೆ ನಮ್ಮ ಸಾಗವಾನಿ ಮರದ ಬುಡದಲ್ಲೂ ಇದೆ. ಶಿಲೀಂಧ್ರ ಹೋದರೆ ಗೆದ್ದಲು ಉಪವಾಸ. ಗೆದ್ದಲು ಹೋದರೆ ಕಾಯ್ತಾ ಕೂತಿದ್ದ ಬೇರೆ ಬೂಷ್ಟು ಆ ಹೊಲವನ್ನೇ ನುಂಗುತ್ತೆ. ಒಂದು ಡಬ್ಬಿ ವಿಷ, ಎರಡು ಸಾವು.

4/6
ಈಗ ನಿಮ್ಮ ತಟ್ಟೆಗೆ ಬರೋಣ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳೋ ಅಣಬೆ ಈ ಶಿಲೀಂಧ್ರದ್ದೇ. ಅದರ ಬೇರಿನಂಥ ಬಾಲ ಗೆದ್ದಲಿನ ಹೊಲದ ತನಕ ಇಳಿದಿರುತ್ತೆ. ಹುತ್ತಕ್ಕೆ ವಿಷ ಹಾಕಿ, ಮುಂದಿನ ವರ್ಷ "ಅಣಬೆನೇ ಇಲ್ಲ ಮಾರಾಯ" ಅನ್ನೋದು ಯಾವ ನ್ಯಾಯ?

ಬುಟ್ಟಿಗಟ್ಟಲೆ ಬಾಚುವವರಿಗೂ ಒಂದು ಮಾತು. ಮೊದಲ ಮಳೆಗೆ ನಿಮ್ಮ ಲೈಟಿಗೆ ಮುತ್ತೋ ರೆಕ್ಕೆಹುಳುಗಳಲ್ಲಿ ಬದುಕಿ ಉಳಿದ ಜೋಡಿ ಹೊಸ ಗೂಡು ಹೂಡುತ್ತೆ. ಸಾಮಾನ್ಯವಾಗಿ ಅವು ಶಿಲೀಂಧ್ರವನ್ನ ಜೊತೆಗೆ ತಂದಿರಲ್ಲ. ಅವುಗಳ ಮೊದಲ ಮಕ್ಕಳು ಹೊರಗೆ ಬಂದು, ಅರಳಿದ ಅಣಬೆಯಿಂದ ಉದುರಿದ ಬೀಜಕಗಳನ್ನ ಒಯ್ಯಬೇಕು. ಮೊಗ್ಗಿನಲ್ಲೇ ಎಲ್ಲಾ ಕಿತ್ತರೆ ಹೊಸ ಹುತ್ತಕ್ಕೆ ಬಿತ್ತನೆ ಬೀಜ ಎಲ್ಲಿಂದ?

5/6
"ನಮ್ಮ ಕಬ್ಬು ತಿಂದು ಹಾಕ್ತಾವಲ್ಲ, ಅದಕ್ಕೇನಂತಿ?" ಅಂತ ಹಳಿಯಾಳದ ಗೆಳೆಯರು ಕೇಳೇ ಕೇಳ್ತಾರೆ. ನಿಜ. ನಾಟಿ ಮಾಡಿದ ಕಬ್ಬಿನ ತುಂಡಿಗೆ, ಶೇಂಗಾಕ್ಕೆ ಗೆದ್ದಲು ಹತ್ತುತ್ತೆ, ನಷ್ಟ ಆಗುತ್ತೆ. ಪೂರ್ತಿ ಕಳಿಯದ ಗೊಬ್ಬರ ಹಾಕಿದರೆ ಇನ್ನೂ ಹೆಚ್ಚು. ಬೆಳೆ ಉಳಿಸಿಕೊಳ್ಳಿ, ಬೇಡ ಅನ್ನಲ್ಲ. ಮನೆ ಚೌಕಟ್ಟಿಗೆ ಹತ್ತಿದರೆ ಚೌಕಟ್ಟಿಗೆ ಔಷಧಿ ಮಾಡಿ. ಆದರೆ ಯಾರ ತಂಟೆಗೂ ಬಾರದೆ ಬೆಟ್ಟದಲ್ಲಿ, ಬದುವಿನಲ್ಲಿ ನಿಂತ ಹುತ್ತ ಏನು ಪಾಪ ಮಾಡಿತ್ತು? ಅದನ್ನ ಕೊಲ್ಲೋದು ಬೇಸಾಯ ಅಲ್ಲ, ಬರೀ ಚಟ.

6/6
ದಾಂಡೇಲಿ-ಅಣಶಿ ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶ ಆಯ್ತು. 2015ರಲ್ಲಿ ಕಾಳಿ ಅಂತ ಹೆಸರಾಯ್ತು. ಅಂದಿನಿಂದ ನಮ್ಮ ಸ್ಟೋರಿಗಳಲ್ಲಿ ಹುಲಿ, ಮಂಗಟ್ಟೆ ಬಿಟ್ಟರೆ ಬೇರೆ ಜೀವ ಇಲ್ಲ. ಆದರೆ ಆ ಕಾಡಿನ ಕರಡಿ ಹುತ್ತ ಬಗೆದು ಗೆದ್ದಲು ತಿಂದು ಬದುಕುತ್ತೆ. ಬಿದ್ದ ಎಲೆ, ಸತ್ತ ಮರ ಮತ್ತೆ ಮಣ್ಣಾಗೋದರಲ್ಲೂ ಗೆದ್ದಲಿನ ದುಡಿಮೆ ಇದೆ.

ಹಾಗಾಗಿ ಕೇಳೋದು ಎರಡೇ. ತೊಂದರೆ ಕೊಡದ ಹುತ್ತಕ್ಕೆ ವಿಷ ಹಾಕಬೇಡಿ. ಅಣಬೆ ಕೀಳುವಾಗ ಅರಳಿದ ನಾಲ್ಕನ್ನ ಅಲ್ಲೇ ಬಿಡಿ. ಮುಂದಿನ ಪಂಚಮಿಗೆ ಅಜ್ಜಿ ಜೊತೆ ಹುತ್ತದ ಹತ್ತಿರ ಹೋದಾಗ, ಒಳಗಿರೋದು ಬರೀ ನಾಗಪ್ಪ ಅಲ್ಲ, ಒಂದು ದೊಡ್ಡ ರೈತ ಕುಟುಂಬ ಅಂತ ಹೇಳಿ. ನಿಮ್ಮೂರಿನ ಹುತ್ತದ ಫೋಟೋ ಕಳಿಸಿ, ಸ್ಟೋರಿಗೆ ಹಾಕ್ತೀನಿ.

#ಹುತ್ತ #ಗೆದ್ದಲು #ಅಣಬೆ #ನಮ್ಮಕಾಡು #ಜೋಯಿಡಾ #ದಾಂಡೇಲಿ #ಹಳಿಯಾಳ #ಮುಂಡಗೋಡ