ಮಣ್ಣಿಲ್ಲದ ಬೇಸಾಯವೂ ಜಮೀನುದಾರರೂ

ಮಣ್ಣಿನ ಸೋಂಕಿಲ್ಲದೆ ಕೇವಲ ನೀರಿನಲ್ಲಿ ಸಸ್ಯವನ್ನು ಬೆಳೆಯಿಸಬಹುದೆಂಬುದು ಹೊಸ ಸಂಗತಿಯೇನೂ ಅಲ್ಲ. ಜರ್ಮನಿಯ ಸ್ಯಾಕ್ಸ್ ಮತ್ತು ಕ್ನೋಪ್ ಎಂಬ ವಿದ್ವಾಂಸರು 1860ರ ಸುಮಾರಿನಲ್ಲಿಯೇ ಇದನ್ನು ತೋರಿಸಿಕೊಟ್ಟರು. ಪ್ರಯೋಗಶಾಲೆಯ ಈ ಕ್ರಮವನ್ನು ಮಾರುವ ಬೆಳೆಗೆ ಅನ್ವಯಿಸಿ, 1937ರಲ್ಲಿ ‘ಹೈಡ್ರೋಪಾನಿಕ್ಸ್’ ಎಂಬ ಹೆಸರನ್ನು ಪ್ರಚಾರಕ್ಕೆ ತಂದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಗೆರಿಕೆಯವರು. ಮರುವರ್ಷವೇ ಅದೇ ವಿಶ್ವವಿದ್ಯಾನಿಲಯದ ಹೋಗ್ಲಂಡ್, ಆರ್ನನ್ ಎಂಬುವರು ಇದನ್ನು ಪರೀಕ್ಷಿಸಿ, ಫಲವತ್ತಾದ ಮಣ್ಣಿಗಿಂತ ನೀರಿನಲ್ಲಿ ವಿಶೇಷ ಇಳುವರಿಯೇನೂ ಬಾರದೆಂದು ಪ್ರಕಟಿಸಿದರು. ಎರಡನೆಯ ಮಾತು ಮೊದಲನೆಯದರಷ್ಟು ದೂರ ಹಬ್ಬಲಿಲ್ಲ.

ಮನೆಯ ಉಪಯೋಗಕ್ಕೆ ಸೊಪ್ಪು, ಟೊಮೇಟೊ ಮುಂತಾದವನ್ನು ಈ ಕ್ರಮದಿಂದ ಬೆಳೆಯಿಸುವುದಕ್ಕೆ ಯಾವ ಆಕ್ಷೇಪಣೆಯೂ ಇಲ್ಲ. ಬಂಗಾಳದ ಕಾಲಿಂಪಾಂಗಿನಲ್ಲಿ 1946ರಿಂದ ಷೋಲ್ಟೊ ಡಗ್ಲಸ್ ಎಂಬುವರು ಜಲ್ಲಿ ಮರಳುಗಳನ್ನು ತುಂಬಿದ ತೊಟ್ಟಿಗಳಲ್ಲಿ ತರಕಾರಿಯನ್ನು ಬೆಳೆದು, ದುಬಾರಿ ಯಂತ್ರಗಳಿಲ್ಲದೆಯೂ ಇದು ಸಾಧ್ಯವೆಂದು ತೋರಿಸಿದರು. ಈಗ ತೆಂಗಿನ ನಾರಿನ ಪುಡಿಯೂ ಆ ಕೆಲಸಕ್ಕೆ ಒದಗುತ್ತದೆ. ಅದರ ಉಪ್ಪಿನಂಶ ಹೋಗುವಂತೆ ಮೊದಲು ಚೆನ್ನಾಗಿ ತೊಳೆಯಬೇಕು. ಬೇರಿಗೆ ಗಾಳಿ ಬೇಕು. ತೊಟ್ಟಿಯ ನೀರಿಗೆ ಬೆಳಕು ಬೀಳಬಾರದು, ಬಿದ್ದರೆ ಪಾಚಿ ಕಟ್ಟುವುದು. ಕ್ಯಾಲ್ಸಿಯಂ ನೈಟ್ರೇಟನ್ನು ಸಲ್ಫೇಟ್, ಫಾಸ್ಫೇಟುಗಳ ಗಟ್ಟಿ ದ್ರಾವಣದೊಡನೆ ಬೆರೆಸಿದರೆ ಲವಣಗಳು ಗಸಿಯಾಗಿ ತಳಕ್ಕಿಳಿದು ಗಿಡಕ್ಕೆ ದಕ್ಕದೆ ಹೋಗುವುವು. ಆದುದರಿಂದಲೇ ಅಂಗಡಿಯಲ್ಲಿ ಆಹಾರವನ್ನು ಎರಡು ಸೀಸೆಗಳಲ್ಲಿ ಕೊಡುವರು. ಎರಡನ್ನೂ ಒಟ್ಟಿಗೆ ಸುರಿದು, ಗಿಡ ಹಳದಿಯಾಯಿತೆಂದು ಬೀಜವನ್ನು ದೂರಿದವರು ಹಲವರು.

ಜಮೀನುದಾರರು ಎಚ್ಚರವಹಿಸಬೇಕಾದುದು ಮೇವಿನ ವಿಷಯದಲ್ಲಿ. ಒಂದು ಕಿಲೋಗ್ರಾಂ ಮುಸುಕಿನ ಜೋಳವನ್ನು ತಟ್ಟೆಯಲ್ಲಿ ಮೊಳೆಯಿಸಿದರೆ ಏಳೆಂಟು ದಿನಗಳಲ್ಲಿ ಆರು ಕಿಲೋಗ್ರಾಂ ಹಸಿರು ಮೇವು ದೊರೆಯುವುದೆಂದು ಯಂತ್ರ ಮಾರುವವರು ಹೇಳುತ್ತಾರೆ. ಅದು ಸುಳ್ಳಲ್ಲ, ಆದರೆ ಹೆಚ್ಚಿದ ತೂಕವೆಲ್ಲವೂ ನೀರು. ಬೀಜದಲ್ಲಿ ನೂರಕ್ಕೆ ತೊಂಬತ್ತರಷ್ಟು ಒಣ ಪದಾರ್ಥವಿದ್ದರೆ, ಈ ಮೇವಿನಲ್ಲಿರುವುದು ಹದಿಮೂರರ ಆಸುಪಾಸು. ಅಂದರೆ 900 ಗ್ರಾಂ ಒಣ ಪದಾರ್ಥವನ್ನು ತಟ್ಟೆಗೆ ಹಾಕಿ 780 ಗ್ರಾಂ ತೆಗೆದಂತಾಯಿತು. ಮೊಳಕೆಯೊಡೆಯುವಾಗ ಬೀಜವು ತನ್ನ ಪಿಷ್ಟವನ್ನು ತಾನೇ ವ್ಯಯಮಾಡಿಕೊಳ್ಳುವುದರಿಂದ ಈ ನಷ್ಟ ತಪ್ಪದು. ಹಸು ಇದನ್ನು ಆಸೆಯಿಂದ ತಿನ್ನುವುದು ದಿಟ, ಕೆಲವು ಜೀವಸತ್ವಗಳು ಹೆಚ್ಚುವುದೂ ದಿಟ. ಹಸಿರೇ ಕಾಣದ ಬರಗಾಲದಲ್ಲಿ ಅಷ್ಟಿಷ್ಟು ಕೊಡುವುದರಿಂದ ಉಪಕಾರವೂ ಉಂಟು. ಆದರೆ ಬೂಷ್ಟು ಹಿಡಿದ ತಟ್ಟೆಯ ಮೇವು ರಾಸುಗಳಿಗೆ ಅಪಾಯಕರ. ಒಣಹುಲ್ಲು ಹಿಂಡಿಗಳ ಬದಲಿಗೆ ಇದೊಂದನ್ನೇ ನಂಬಿ ಸಾಲಮಾಡಿ ಯಂತ್ರ ಕೊಳ್ಳುವುದು ವಿವೇಕವಲ್ಲ. ಬಾವಿಯಲ್ಲಿ ಅಲ್ಪಸ್ವಲ್ಪ ನೀರಿರುವವನು ನಾಲ್ಕು ಗುಂಟೆಯಲ್ಲಿ ಸೀಮೆಹುಲ್ಲನ್ನೋ ಅಗಸೆಯನ್ನೋ ಹಾಕಿಕೊಂಡರೆ ಹೆಚ್ಚು ಗಟ್ಟಿಯಾದ ಮೇವು ಕೈಸೇರುವುದು.

ಗ್ರಾಮದ ಮುಖಂಡರು ತಮ್ಮ ಊರಿಗೆ ಇಂಥ ಯಂತ್ರ ಮಾರಲು ಬಂದವರೊಡನೆ ವಾದಮಾಡಬೇಕಾದುದಿಲ್ಲ. ಎದುರಿನಲ್ಲಿಯೇ ಒಂದು ಕಿಲೋಗ್ರಾಂ ಬೀಜವನ್ನು ತೂಗಿ ಮೊಳೆಯಿಸಲಿ. ಎಂಟನೆಯ ದಿನ ಆ ಮೇವನ್ನು ಬೇರುಸಹಿತ ಬಿಸಿಲಿನಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ, ಅದೇ ತಕ್ಕಡಿಯಲ್ಲಿ ಮತ್ತೆ ತೂಗಿ, ಆಮೇಲೆ ಬೆಲೆಯ ಮಾತನ್ನಾಡಲಿ.